ರೇಡಿಯೋದ ಬುಢಾ ಸತ್ತ ಮೇಲೆ

ಸಾವನ್ ೬
ಇವತ್ತೂ ರೇಡಿಯೋದಲ್ಲಿ ನಾನೊಬ್ಬಳೇ. ಮುದುಕ-ಮುದುಕಿ ಜಗಳದ ಕಾರ್ಯಕ್ರಮ, ಮುದುಕನೇ ಇಲ್ಲ. ಬುಢಿಯಾದ ನಾನು ಯಾರ ಜೊತೆ ಜಗಳ ಆಡಬೇಕು, ಗೋಡೆ ಜೊತೆಯಾ? ಫೋನ್ ಮಾಡುವವರದ್ದೆಲ್ಲ ಒಂದೇ ಪ್ರಶ್ನೆ: "ನಿಮ್ ಬುಢಾ ಎಲ್ಲಿ?"
"ಮಾವನ ಮನೇಲಿ ಅವಲಕ್ಕಿ ತಿಂತಾ ಬಿದ್ದಿದಾನೆ" ಎಂದೆ.
ನಿಜ ಏನೆಂದು ಎಲ್ಲರಿಗೂ ಗೊತ್ತು. ಮಂತ್ರಿಗಳ ಸೇತುವೆ ಬಗ್ಗೆ ಬುಢಾ ಆಡಿದ್ದು ಒಂದೇ ಒಂದು ಮಾತು— "ಸೇತುವೆ ಕೊಚ್ಕೊಂಡ್ ಹೋಯ್ತು, ಉದ್ಘಾಟನೆ ರಿಬ್ಬನ್ ಮಾತ್ರ ಗಟ್ಟಿ. ಮುಂದಿನ ಸಲ ರಿಬ್ಬನ್ನಲ್ಲೇ ಕಟ್ರಪ್ಪಾ!" ಅಷ್ಟಕ್ಕೆ ಕೇಸು, ವಾರಂಟು. ಬುಢಾ ಆಗುತ್ತಿದ್ದ ಪೂರ್ಣಮಾನ್ ನೇಪಾಳದ ಗಡಿ ದಾಟಿ ಭಾರತದ ಸಿಲಿಗುರಿಯಲ್ಲಿ ಕೂತಿದ್ದಾನೆ.
ಮೈಕಿನ ಮುಂದೆ ವರ್ಷಗಟ್ಟಲೆ ಸಂಸಾರ ಮಾಡಿದೆವು. ಮೈಕ್ ಆಫ್ ಆದಮೇಲೆ ಮನಸ್ಸಿನ ಮಾತು ಹೇಳಲು ಇಬ್ಬರಿಗೂ ಬಾಯೇ ಬರಲಿಲ್ಲ. ಹಾಳಾದವನು... ತುಂಬಾ ನೆನಪಾಗುತ್ತಾನೆ.

ಸಾವನ್ ೧೫
ನಾವೆಲ್ಲ ಅಣ್ಣ ಎನ್ನುವ ಹಾಗೆ ದಾಜು ಎನ್ನುವ ಮ್ಯಾನೇಜರ್ ಟೀಕಾರಾಮ್ ಕರೆದರು.
"ಬುಢಾನ್ನ ಸಾಯಿಸ್ಬಿಡು, ಸಾನುಮಾಯಾ."
"ಏನಂದ್ರಿ?"
"ಪಾತ್ರಾನಮ್ಮ! ಸತ್ತ ಅಂತ ಹೇಳಿ ಮುಗಿಸು. ಲೈಸೆನ್ಸ್ ಕಿತ್ಕೋತೀವಿ ಅಂತ ಫೋನ್ ಮೇಲೆ ಫೋನ್ ಬರ್ತಿದೆ."
"ಅವನು ವಾಪಸ್ ಬಂದ್ರೆ, ದಾಜು?"
"ಬಂದ್ರೆ ಬಸ್‌ಸ್ಟ್ಯಾಂಡಿಂದ ಸೀದಾ ಜೈಲು. ಅದೇ ಬೇಕಾ ನಿಂಗೆ?"
ಕೆಟ್ಟವರಲ್ಲ ದಾಜು. ಹೆದರಿದ್ದಾರೆ.

ಸಾವನ್ ೧೬
ಸಾಯಿಸಿದೆ. ನಿದ್ದೆಯಲ್ಲೇ ಹೋದ ಎಂದೆ. ಅತ್ತದ್ದು ನಾಟಕ ಅಂದುಕೊಂಡು ಎಲ್ಲರೂ ಮೆಚ್ಚಿದರು.

ಸಾವನ್ ೨೫, ಗಾಯಿ ಜಾತ್ರೆ
ಈ ವರ್ಷ ಸಾವು ಕಂಡ ಮನೆಯವರೆಲ್ಲ ಸತ್ತವರ ನೆನಪಿಗೆ ಹಸುವಿನ ವೇಷ ಕಟ್ಟಿ ಬೀದಿಗಿಳಿದರು. ಇವತ್ತೊಂದು ದಿನ ಎಂಥ ದೊಡ್ಡವರನ್ನು ಆಡಿಕೊಂಡರೂ ಯಾರೂ ಕೇಳುವ ಹಾಗಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ— ಅಯ್ಯೋ, ಬೀದಿ ತುಂಬ ಬುಢಾಗಳು! ಹತ್ತಿಯ ಮೀಸೆ, ಊರುಗೋಲು, ಸೊಂಟಕ್ಕೆ ಕೆಂಪು ರಿಬ್ಬನ್. ತರಕಾರಿ ಮಾರುವ ಹೆಂಗಸೊಬ್ಬಳು ಕೊಂಬು ಕಟ್ಟಿಕೊಂಡು ಕೂಗುತ್ತಿದ್ದಳು: "ನಮ್ಮನೆ ಸಾವು ಕಣ್ರೀ ಇದು! ದಿನಾ ನಮ್ಮಂಗಡಿ ರೇಡಿಯೋದಲ್ಲಿ ಮಾತಾಡ್ತಿದ್ದೋನು!" ಪೊಲೀಸರು ನಗು ತಡೆದುಕೊಂಡು ನಿಂತಿದ್ದರು.
ಅವನು ಇದನ್ನು ನೋಡಬೇಕಿತ್ತು.

ಅದೇ ದಿನ, ಸಂಜೆ
ನೇರ ಪ್ರಸಾರ. ಸಾಲು ಸಾಲು ಸಂತಾಪದ ಕರೆ. ಒಂದರಲ್ಲಿ ಕೆಮ್ಮು— ಅವನ ಕೆಮ್ಮು!
"ಏ ಬುಢಿ, ಸತ್ತಮೇಲೆ ಚಹಾನೂ ಸರಿಯಾಗಿ ಸಿಗಲ್ಲ ಕಣೇ. ಕಾಠ್ಮಂಡು ಬಸ್ ಪಕ್ಕದಲ್ಲೇ ನಿಂತಿದೀನಿ. ಬಂದ್ಬಿಡ್ಲಾ?"
ತಮಾಷೆಯಲ್ಲ. ಆ ದನಿ ನನಗೆ ಗೊತ್ತು. ಬಾ ಎಂದರೆ ಬಂದೇಬಿಡುತ್ತಾನೆ. ಊರೆಲ್ಲ ಕೇಳುತ್ತಿದೆ, ಠಾಣೆಯವರೂ ಕೇಳುತ್ತಿದ್ದಾರೆ. ಗಾಜಿನಾಚೆ ದಾಜು ಕೈ ಮುಗಿಯುತ್ತಿದ್ದಾರೆ.
"ಬರ್ಬೇಡ ಮಹರಾಯ! ನಿನ್ ಗೊರಕೆ ಇಲ್ದೆ ಈಗಷ್ಟೇ ಸುಖವಾಗಿ ನಿದ್ದೆ ಮಾಡ್ತಿದೀನಿ. ಸತ್ತೋನು ಸತ್ತಂಗೇ ಇರು!"
ಸ್ಟುಡಿಯೋದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ.
"ಸರಿ ಕಣೇ" ಎಂದ. ಇಟ್ಟುಬಿಟ್ಟ.

ಸಾವನ್ ೨೬
ಬಸ್ಸು ಬಂದಿರುತ್ತದೆ. ಅವನು ಬಂದಿಲ್ಲ. ನನ್ನ ಮಾತು ಕೇಳಿದ.
ನಿನ್ನೆ ಊರಿಗೆ ಊರೇ ಮನಸ್ಸಿನಲ್ಲಿದ್ದದ್ದನ್ನು ಕೂಗಿ ಹೇಳಿತು. ನಾನೊಬ್ಬಳು ಹೇಳಲಿಲ್ಲ. ಇದನ್ನು ಯಾರೂ ಓದುವುದಿಲ್ಲ, ಇಲ್ಲಾದರೂ ಹೇಳುತ್ತೇನೆ. ಪೂರ್ಣಮಾನ್, ಬಾ. ಜೈಲಾದರೆ ಜೈಲು, ದಿನಾ ಊಟದ ಡಬ್ಬಿ ನಾನು ತರುತ್ತೇನೆ. ಬಾ ಮಾರಾಯ. ನನಗೆ ನೀನು...