ಐದು ನಿಮಿಷ ಮುಂಚೆ ಹೇಳಿದ್ದರೆ ಸಾಕಿತ್ತು

ಶಿಶುವಿಹಾರಗಳ ಮೇಲಧಿಕಾರಿಗಳೇ,

ಐದು ವರ್ಷದ ನನ್ನ ಮಗಳನ್ನು ಶಾಲೆಗೆ ಸೇರಿದ ಹನ್ನೊಂದನೇ ದಿನಕ್ಕೆ ನೀವು ಮನೆಗೆ ಕಳುಹಿಸಿದ್ದೀರಿ. "ನಡವಳಿಕೆ ಸುಧಾರಿಸಿದ ನಂತರ ಮುಂದಿನ ವರ್ಷ ಕರೆತರುವುದು" ಎಂದು ನಿಮ್ಮ ಕಚೇರಿಯ ಪತ್ರ ಹೇಳುತ್ತದೆ. ಈಜು ಕಲಿತ ಮೇಲೆಯೇ ನೀರಿಗಿಳಿಯಬೇಕು ಎಂಬ ಈ ಪದ್ಧತಿ ತಮ್ಮದೇ ಆವಿಷ್ಕಾರವೋ, ಮೇಲಿನಿಂದ ಇಳಿದು ಬಂದದ್ದೋ ನನಗೆ ತಿಳಿಯದು. ಕೇಳೋಣವೆಂದು ಎರಡು ಸಲ ಬಂದೆ. ಎರಡು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ಮೊದಲು ಆರೋಪ ಒಪ್ಪಿಕೊಳ್ಳುತ್ತೇನೆ. ನಾವು ಮನೆಯಲ್ಲಿ ಚೂಟಿ ಎಂದು ಕರೆಯುವ ಈ ಮಗಳು ಕಚ್ಚಿದ್ದು ನಿಜ. ಪಕ್ಕದ ಮಗುವಿನ ಮುಂಗೈ ಮೇಲೆ ನಾಲ್ಕು ಹಲ್ಲಿನ ಗುರುತನ್ನು ನಾನೇ ನೋಡಿದ್ದೇನೆ, ಆ ಮಗುವಿನ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದೇನೆ. ಬೂಟು ಎಸೆದದ್ದು, ಮೇಜಿನ ಕೆಳಗೆ ಹೊಕ್ಕು ಅರ್ಧ ಗಂಟೆ ಹೊರಬಾರದೆ ಇದ್ದದ್ದೂ ನಿಜ. ಆದರೆ ಇದೆಲ್ಲ ಆಗಿದ್ದು ಯಾವಾಗ ಎಂದು ಯಾರಾದರೂ ಯೋಚಿಸಿದಿರಾ? ಆ ಪತ್ರದ ಜೊತೆಗಿಟ್ಟ ನಿಮ್ಮದೇ ವರದಿಯಲ್ಲಿ ಸಮಯ ನಮೂದಾಗಿದೆ. ಮೂರು ಸಲವೂ ಹತ್ತೂ ಮುಕ್ಕಾಲು. ಅಂದರೆ ಆಟ ನಿಲ್ಲಿಸುವ ಬೆಲ್ ಹೊಡೆದು, ಮಕ್ಕಳ ಕೈಯಲ್ಲಿರುವ ಬ್ಲಾಕ್‌ಗಳನ್ನು ತೆಗೆದು ಡಬ್ಬಕ್ಕೆ ಸುರಿಯುವ ಹೊತ್ತು.

ನನ್ನದು ಕಟಿಂಗ್ ಶಾಪ್. ಹದಿನೆಂಟು ವರ್ಷದಿಂದ ಮಕ್ಕಳ ತಲೆ ಹಿಡಿದಿದ್ದೇನೆ. ಹೇಳದೆ ಕೇಳದೆ ಹಿಂದಿನಿಂದ ಮಿಷನ್ ತಂದು ಕಿವಿಯ ಪಕ್ಕ ಗುರ್ ಎನ್ನಿಸಿದರೆ ಎಂಥ ಸಾಧು ಮಗುವೂ ಒದೆಯುತ್ತದೆ. ಅದಕ್ಕೇ ಮೊದಲು ಅದರ ಅಂಗೈಗೆ ಮುಟ್ಟಿಸಿ, ಈಗ ಕಿವಿ ಹತ್ತಿರ ಬರುತ್ತೇನೆ ಎಂದು ಹೇಳಿ, ಆಮೇಲೆ ಹೋಗುತ್ತೇನೆ. ಒದ್ದ ಮಗುವಿಗೆ ಬುದ್ಧಿ ಬಂದ ಮೇಲೆ ಬಾ ಎಂದು ಅರ್ಧ ಕೂದಲು ಕತ್ತರಿಸಿ ಕಳುಹಿಸಿದರೆ ನನ್ನ ಅಂಗಡಿಗೆ ಬೀಗ ಬೀಳುತ್ತದೆ. ತಮಗೆ ಆ ಚಿಂತೆಯಿಲ್ಲ.

ಚೂಟಿಯ ವಿಷಯದಲ್ಲಿ ಇದನ್ನು ನನಗಿಂತ ಮೊದಲು ಕಂಡುಕೊಂಡವರು ಅವಳು ಮುಂಚೆ ಹೋಗುತ್ತಿದ್ದ ಪ್ಲೇ ಹೋಮಿನ ಆಯಮ್ಮ. ಆಟ ನಿಲ್ಲಿಸುವ ಐದು ನಿಮಿಷ ಮುಂಚೆ ಪಕ್ಕ ಕೂತು ಹೇಳಬೇಕು. ಡಬ್ಬ ಹಿಡಿಯುವ ಕೆಲಸ ಅವಳಿಗೇ ಕೊಡಬೇಕು. ಅತ್ತರೆ ಬಲವಂತ ಮಾಡದೆ ಸುಮ್ಮನೆ ಹತ್ತಿರ ಇರಬೇಕು. ಇಷ್ಟೇ. ಎರಡು ವರ್ಷದಲ್ಲಿ ಕಚ್ಚುವುದು ಕಡಿಮೆಯಾಗುತ್ತ ಬಂದು, ಕೊನೆಯ ಆರು ತಿಂಗಳು ಇರಲೇ ಇಲ್ಲ. ಕೊನೆಯ ದಿನ ಆಯಮ್ಮ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನನ್ನ ಕೈಗಿಟ್ಟು, "ಹೊಸ ಮಿಸ್ಸಿಗೆ ಮೊದಲ್ನೇ ದಿನಾನೇ ಕೊಟ್ಬಿಡಪ್ಪ, ಮರೀಬೇಡ" ಎಂದರು.

ನಾನು ಮರೆಯಲಿಲ್ಲ, ಮುಚ್ಚಿಟ್ಟೆ. ನಿಮ್ಮ ಅರ್ಜಿಯ ಒಂಬತ್ತನೇ ಕಾಲಂನಲ್ಲಿ, ಮಗುವಿಗೆ ನಡವಳಿಕೆಯ ಸಮಸ್ಯೆ ಇದೆಯೇ, ಹೌದೋ ಇಲ್ಲವೋ ಎಂದು ಕೇಳಿತ್ತು. ಹೌದು ಎಂದು ಬರೆದವರಿಗೆ ಸೀಟು ಸಿಕ್ಕಿಲ್ಲ ಎಂದು ಸಾಲಿನಲ್ಲಿ ಹಿಂದಿದ್ದವರೂ ಮುಂದಿದ್ದವರೂ ಹೇಳಿದರು. ಇಲ್ಲ ಎಂದು ಬರೆದು, ಹಾಳೆಯನ್ನು ಅಂಗಡಿಯ ಡ್ರಾಯರಿಗೆ ಹಾಕಿದೆ. ಹೆಂಡತಿ ಬೇಡ ಬೇಡವೆಂದಳು. ಮಹಾ ಬುದ್ಧಿವಂತನಂತೆ ಅವಳ ಬಾಯಿ ಮುಚ್ಚಿಸಿದೆ. ಮಗಳಿಗೆ ಆದದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ನೆನೆದರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹನ್ನೆರಡನೇ ದಿನ ಅದೇ ಹಾಳೆ ಹಿಡಿದು ನಿಮ್ಮ ಕಚೇರಿಗೆ ಓಡಿಬಂದೆ. ಗುಮಾಸ್ತರು ಮುಟ್ಟಲಿಲ್ಲ. ಸೇರುವಾಗ ಕೊಡದ ಕಾಗದವನ್ನು ಆಮೇಲೆ ಕಡತಕ್ಕೆ ಸೇರಿಸುವ ಹಾಗಿಲ್ಲವಂತೆ. ಜೊತೆಗೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಉಪದೇಶ ಬೇರೆ. ಸ್ವಾಮಿ, ಗಿಡವನ್ನು ಮುಂದಿನ ವರ್ಷ ತನ್ನಿ ಎಂದು ವಾಪಸು ಕಳುಹಿಸಿದವರು ಯಾರು? ಮಿಸ್ಸನ್ನು ನಾನು ದೂರುವುದಿಲ್ಲ. ಮೂವತ್ತೆಂಟು ಮಕ್ಕಳಿಗೆ ಅವರೊಬ್ಬರೇ. ಶಾಲೆಯ ಗೇಟಿನ ಬಳಿ ನಿಂತು ಆ ಹಾಳೆ ಎರಡು ಸಲ ಓದಿದರು. "ಮೊದ್ಲೇ ಗೊತ್ತಿದ್ರೆ ಬೆಲ್ಲಿಗೆ ಮುಂಚೆ ನಾನೇ ಹೇಳ್ತಿದ್ನಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ಆದರೆ ಮಗುವನ್ನು ಒಳಗೆ ಬಿಡುವ ಅಧಿಕಾರ ಅವರಿಗಿಲ್ಲ, ತಮಗಿದೆ.

ಆ ಒಂಬತ್ತನೇ ಕಾಲಂ ತೆಗೆದುಹಾಕಿ. ಬದಲಿಗೆ, ಈ ಮಗುವನ್ನು ಸಮಾಧಾನ ಮಾಡುವುದು ಹೇಗೆ ಎಂದು ಕೇಳಿ. ಉತ್ತರ ಕಡತಕ್ಕೆ ಹೋಗದೆ ನೇರ ಮಿಸ್ಸಿನ ಕೈಗೆ ಹೋಗಲಿ. ಅವರ ಜೊತೆಗೆ ಇನ್ನೊಬ್ಬರನ್ನು ನೇಮಿಸಿ. ಇಷ್ಟಕ್ಕೆ ಸಮಿತಿ ಬೇಕೇ?

ನನ್ನ ಮಗಳ ವಿಷಯಕ್ಕಂತೂ ಸಮಿತಿಗೆ ಕಾಯಲಾರೆ. ಅವಳು ದಿನವೂ ಯೂನಿಫಾರ್ಮ್ ಹಾಕಿಕೊಂಡು ಬಂದು ನನ್ನ ಅಂಗಡಿಯಲ್ಲಿ ಕೂರುತ್ತಿದ್ದಾಳೆ. ನಿನ್ನೆ ಗಿರಾಕಿಯ ಕತ್ತು ಒರೆಸುತ್ತಿದ್ದಾಗ ಪಕ್ಕ ಬಂದು ನಿಂತು ಕೇಳಿದಳು: "ಅಪ್ಪಾ, ನಾನು ಇನ್ನು ಕಚ್ಚಲ್ಲ ಅಂತ ಯಾರಿಗೆ ಹೇಳ್ಬೇಕು?"

ನನಗೆ ತಮ್ಮನ್ನು ಬಿಟ್ಟು ಬೇರೆ ಯಾರೂ ತೋಚಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ತಮ್ಮ ಕೋಣೆಗೇ ಕರೆತರುತ್ತೇನೆ. ಅವಳು ಹೇಳುವುದನ್ನು ಸ್ವಲ್ಪ ಬಗ್ಗಿ ಕೇಳಿಸಿಕೊಳ್ಳಿ. ಆಮೇಲೆ ತರಗತಿಗೆ ಕಳುಹಿಸಿ.

ಇಂತಿ,
ತಮ್ಮ ಅರ್ಜಿಯಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದ
ಚೂಟಿಯ ಅಪ್ಪ