ಹನ್ನೊಂದು ಕೆಂಪು ಸಾಲು

ಬುಧವಾರ, ಹದಿನೇಳು.

ನಿನ್ನೆ ಮಾಡಿದ್ದನ್ನು ಇವತ್ತು ಸಂಜೆ ತಂಗಿಗೆ ಹೇಳಿಯೇಬಿಟ್ಟೆ.

ಪಿಎಚ್‌ಡಿ ಪ್ರಬಂಧಕ್ಕೆಂದು ಅವಳು ಕಟ್ಟಿದ ಸೂತ್ರಕ್ಕೆ ಒಂದು ಶುರುವಿನ ಸಂಖ್ಯೆ ಕೊಟ್ಟರೆ ಸಾಕು, ಗೊತ್ತುಗುರಿಯಿಲ್ಲದಂತೆ ಕಾಣುವ ಅಂಕಿಗಳ ಸಾಲನ್ನೇ ಉದುರಿಸುತ್ತದೆ. ಅಂಥ ಸಾವಿರ ಸಾಲುಗಳನ್ನು, ನಿಜಕ್ಕೂ ಗೊತ್ತುಗುರಿಯಿಲ್ಲದವೇ ಎಂದು ಕಂಪ್ಯೂಟರು ಪರೀಕ್ಷೆ ಮಾಡುತ್ತಿತ್ತು. ನಿನ್ನೆ ಅವಳಿಗೆ ಜ್ವರ, ನೋಡಿಕೋ ಎಂದು ನನಗೆ ಒಪ್ಪಿಸಿ ಮಲಗಿದ್ದಳು. ಹನ್ನೊಂದು ಸಾಲು ಕೆಂಪಾಗಿ ಫೇಲಾದವು. ಏಳನೇ ಕ್ಲಾಸಿನಲ್ಲಿ ಅಂಕಪಟ್ಟಿಯ ಎರಡೇ ಕೆಂಪು ಗೆರೆಗೆ ನನ್ನ ಶಾಲೆ ನಿಂತಿತು. ಇವಳ ಪ್ರಬಂಧದ ಗತಿ ಏನು? ಶುರುವಿನ ಸಂಖ್ಯೆ ಕೂದಲೆಳೆಯಷ್ಟು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆಂದು ಅವಳೇ ಹೇಳಿದ್ದಳು. ಹಾಗೆ ಬದಲಾಯಿಸಿ, ಹನ್ನೊಂದನ್ನೂ ಪಾಸು ಮಾಡಿಸಿಟ್ಟೆ.

“ಅಯ್ಯೋ ಅಕ್ಕಾ! ನಿಜಕ್ಕೂ ಗೊತ್ತುಗುರಿ ಇಲ್ದೇ ಇದ್ರೂ ಈ ಪರೀಕ್ಷೇಲಿ ಸಾವಿರಕ್ಕೆ ಹತ್ತರಷ್ಟು ಆಕಸ್ಮಿಕವಾಗಿ ಬೀಳೋದೇ ಸರಿ ಕಣೇ. ಒಂದೂ ಬೀಳದೆ ಇದ್ರೆ ನಾಳೆ ಪರೀಕ್ಷಕರು, ತಿದ್ದಿ ತಂದಿದೀಯ ಅಂತಾರೆ. ಹಳೇ ಸಂಖ್ಯೆಗಳೆಲ್ಲಿ?”

ಭಯಕ್ಕೆ ಬರೆದಿಟ್ಟುಕೊಂಡಿದ್ದೆ, ಈ ದಿನಚರಿ ಪುಸ್ತಕದ ಹಿಂದಿನ ಪುಟದಲ್ಲೇ.

“ನಿನ್ನ ದಿಗಿಲೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತೆ ಬಿಡು,” ಎಂದು ಕಂಬಳಿ ಹೊದ್ದೇ ಕೂತಳು. ನಾನು ಓದಿದೆ, ಅವಳು ಒತ್ತಿದಳು. ಅದೇ ಸಂಖ್ಯೆಗೆ ಅದೇ ಸಾಲು. ಒಂದೊಂದೂ ಮತ್ತೆ ಕೆಂಪಾಯಿತು. ಪ್ರತಿಯೊಂದಕ್ಕೂ ನನ್ನೆದೆ ಧಸಕ್ಕೆಂದರೆ, ಅವಳು ನನ್ನ ಭುಜಕ್ಕೆ ತಲೆಯಾನಿಸಿ ನಕ್ಕಳು. ಹಣೆ ಇನ್ನೂ ಬೆಚ್ಚಗಿತ್ತು.

ಈಗ ನಿದ್ದೆ ಹತ್ತಿದೆ ಅವಳಿಗೆ. ಹತ್ತರಷ್ಟು ಅಂದಳಲ್ಲ, ನಮ್ಮದು ಹನ್ನೊಂದು. ಆ ಒಂದು ಹೆಚ್ಚಾಯಿತೇ? ಕೇಳೋಣವೆಂದರೆ ಎಬ್ಬಿಸಲು ಮನಸ್ಸಿಲ್ಲ. ಬೆಳಿಗ್ಗೆ ಅವಳು ಎದ್ದ ತಕ್ಷಣ ಕೇಳಬೇಕು.