ಹತ್ತು ನಿಮಿಷ ಮುಂದೆ

೪-೬-೨೦೦೬, ಭಾನುವಾರ. ಬೆಳಿಗ್ಗೆ ೮

ಮತ್ತೆ ಕಾದಂಬರಿಯ ಚೀಟಿ ಜೋಡಿಸಿದ್ದಾಯಿತು. ಹಳದಿ — ನನ್ನ ನಾಯಕ ಟೈಮ್ ಮಷೀನ್ ಹತ್ತುವ ೨೦೦೬. ನೀಲಿ — ಹೋಗಿ ಇಳಿಯುವ ೧೯೮೮. ಗುಲಾಬಿ — ಎರಡೂ ಕಲಸಿಕೊಂಡದ್ದು. ಗುಲಾಬಿಯೇ ಜಾಸ್ತಿ. ಎಲ್ಲವನ್ನೂ ಮಹಡಿಯ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ತಂತಿಯ ಮೇಲೆ ಅಮ್ಮನ ಸೀರೆ.

“ಕ್ಲಿಪ್ ಬೇಕಿತ್ತು ಕಣೋ. ನಿನ್ ಚೀಟಿ ಎಲ್ಲಾ ಬಕೆಟ್‌ನಲ್ಲಿ ಭದ್ರವಾಗಿದೆ.”

ನಾಯಕ ಈಗ ಹುಟ್ಟುವ ಮೊದಲೇ ಮದುವೆಯಾಗಿದ್ದಾನೆ.

೭-೬, ಬುಧವಾರ

ಶೈಲಾ ಅಧ್ಯಾಯ ಮುಗಿಸಿದೆ. ನನ್ನ ತಂಗಿಯ ಹೆಸರು ಬದಲಿಸಿಲ್ಲ. ಬದಲಿಸಬೇಕಿತ್ತೇನೋ...

೧೯೮೮ರಲ್ಲಿ ನಿಜಕ್ಕೂ ನಡೆದದ್ದನ್ನು ಒಂದು ನೀಲಿ ಚೀಟಿಯಲ್ಲಿ ಬರೆದಿಟ್ಟೆ, ಗೊಂದಲ ಬೇಡವೆಂದು. ನಮ್ಮ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ತಡವಾಗಬಾರದೆಂದು ಎಲ್ಲರ ಮನೆಯಲ್ಲೂ ಹಾಗೇ ತಾನೆ. ಐದಕ್ಕೆ ಅವಳನ್ನು ಟ್ಯೂಷನ್‌ನಿಂದ ಕರೆತರಬೇಕಿತ್ತು. ಗಡಿಯಾರ ಐದು ತೋರಿಸಿತು. ಇನ್ನೂ ಹತ್ತು ನಿಮಿಷ ಇದೆ ಅಂದುಕೊಂಡು ಕೇರಂ ಬಿಟ್ಟೇಳಲಿಲ್ಲ. ಆವತ್ತು ಯಾರೋ ಟೈಮ್ ಸರಿ ಮಾಡಿದ್ದರು. ಅಪ್ಪನೋ ಅಮ್ಮನೋ, ಕೇಳಲಿಲ್ಲ. ಒಂಬತ್ತು ವರ್ಷದವಳು ಒಬ್ಬಳೇ ಮೈಸೂರು ರಸ್ತೆ ದಾಟಲು ಹೋದಳು. ಲಾರಿ.

ಅವಳನ್ನು ಉಳಿಸಲೆಂದೇ ನಾಯಕ ಹೊರಡುವುದು. ಆದರೆ ತಡವಾಗಲೇಬೇಕು. ಉಳಿದುಬಿಟ್ಟರೆ ಅವನು ಮಷೀನ್ ಕಟ್ಟುವುದು ಯಾಕೆ? ಕಾದಂಬರಿಯೇ ಇಲ್ಲ. ಲಾರಿ ಹೋದ ಮೇಲೆ ತಲುಪುವಂತೆ ಬರೆದೆ — ‘ಹತ್ತು ನಿಮಿಷ ಮುಂದೆ ಹೋಗಿ ಇಳಿದ.’

೨೪-೬, ಶನಿವಾರ. ಸಂಜೆ

ವಿಜಯನಗರದ ಡಿಟಿಪಿ ಅಂಗಡಿಯಿಂದ ಪ್ರೂಫ್ ತಂದೆ. ಪುಟ ೯೧ — ‘ಹತ್ತು ನಿಮಿಷ ಮುಂಚೆ ಹೋಗಿ ಇಳಿದ.’

ಓದಿದೆ. ಮತ್ತೆ ಓದಿದೆ. ನಾಯಕ ಬಂದು ನಿಂತಿದ್ದಾನೆ. ಲಾರಿ ಇನ್ನೂ ಬಂದಿಲ್ಲ.

ವಾಪಸ್ ಓಡಿದೆ. ಟೈಪ್ ಮಾಡುವ ಗುರುದೇವಿ ಗದಗಿನ ಕಡೆಯವಳು. ನನ್ನ ಹಸ್ತಪ್ರತಿ ತಿರುಗಿಸಿ ತೋರಿಸಿದಳು.

“ನಿಮ್ಮ ‘ದೆ’, ‘ಚೆ’ ಎರಡೂ ಒಂದ ಥರಾ ಕಾಣ್ತಾವ್ರಿ ಸರ್. ಉಳಸಾಕ ಹೊಂಟಾನಲ್ರಿ, ಮುಂಚೇನ ಹೋಗಿರ್ತಾನ ಅಂತ ಹೊಡದೆ. ತಿದ್ದಲೇನ್ರಿ?”

“ಸೋಮವಾರ ಹೇಳ್ತೀನಮ್ಮ” ಅಂದೆ. ಬಸ್ಸಿನಲ್ಲಿ ಅಳು ಬಂತು. ಕೆಂಗೇರಿಯಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದೆ.

೨೫-೬, ಭಾನುವಾರ. ಬೆಳಿಗ್ಗೆ

ಚೀಟಿ ಹರಡಿಕೊಂಡು ಕೂತೆ. ಶೈಲಾ ಉಳಿದರೆ ಯಾವುದು ಇರಬೇಕು, ಯಾವುದು ಹೋಗಬೇಕು? ಹೋಗಬೇಕಾದದ್ದನ್ನು ಒಂದೊಂದಾಗಿ ಎತ್ತಿಟ್ಟೆ. ನೆಲದ ಮೇಲೆ ಒಂದೂ ಉಳಿಯಲಿಲ್ಲ.

ಅಮ್ಮ ಕಾಫಿ ತಂದಳು. ಶೈಲಾಳದ್ದು ಬರೆದಿದ್ದ ಆ ನೀಲಿ ಚೀಟಿ ಕೈಗೆತ್ತಿಕೊಂಡಳು. ಕಸಿದುಕೊಳ್ಳಬೇಕಿತ್ತು, ಆಗಲಿಲ್ಲ. ಪೂರ್ತಿ ಓದಿದಳು.

“ಹೊಸ ಸೆಲ್ ಹಾಕ್ದಾಗ ಟೈಮ್ ಸರಿ ಮಾಡ್ಬಿಟ್ಟಿದ್ದೆ. ನಿಂಗೆ ಹೇಳೋದು ಮರ್ತೆ ಕಣೋ.”

ಅಷ್ಟೇ ಹೇಳಿ ಒಳಗೆ ಹೋದಳು. ಹದಿನೆಂಟು ವರ್ಷ ತಪ್ಪು ನನ್ನೊಬ್ಬನದೇ ಅಂದುಕೊಂಡಿದ್ದೆ. ಅವಳು ತನ್ನೊಬ್ಬಳದೇ ಅಂದುಕೊಂಡಿದ್ದಳು.

ಗುರುದೇವಿಗೆ ಚೀಟಿ ಬರೆಯಬೇಕು. ಯಾವ ಬಣ್ಣದ್ದೋ ಗೊತ್ತಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಪುಟ ೯೧. ಹತ್ತು ನಿಮಿಷ ಮುಂ